ಬಾಳೆಹಣ್ಣಿನ ಗಾಡಿಯವನಾಗಿ ನಾನು

ಸಮಾಜ ವಿಜ್ಞಾನ ಎಂದರೆ ಬಾಯಿಪಾಠ ಎಂದು ನಂಬಿ ಬೆಳೆದವನು ನಾನು. ರಾಜರು ಸಾಲುಮರ ನೆಡಿಸಿದರು, ಬಾವಿ ತೋಡಿಸಿದರು ಎಂದು ಉಸಿರು ಬಿಡದೆ ಒಪ್ಪಿಸಿದರೆ ಧಾರವಾಡದ ನಮ್ಮ ಮಾಸ್ತರು ಬೆನ್ನು ತಟ್ಟುತ್ತಿದ್ದರು. ಆ ಮರಗಳಿಗೆ ನೀರು ಹಾಕಿದವರು ಯಾರೆಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಬ್ಯಾಂಕಿನವರು ವಿಜಯವಾಡಕ್ಕೆ ವರ್ಗ ಮಾಡಿದಾಗ ತೆಲುಗನ್ನೂ ಹೀಗೆಯೇ ಕಲಿತೆ. ಮೊದಲು ಬಾಯಿಪಾಠವಾದದ್ದು ಕೌಂಟರಿನಲ್ಲಿ ದಿನವೂ ಬೇಕಾಗುವ ವಾಕ್ಯ: "ಡಾಕ್ಯುಮೆಂಟ್ಸ್ ತೀಸುಕುನಿ ರೇಪು ರಂಡಿ." ದಾಖಲೆ ತೆಗೆದುಕೊಂಡು ನಾಳೆ ಬನ್ನಿ ಎಂದರ್ಥ. ಮರುದಿನ ಬಂದವರನ್ನು "ತೆಚ್ಚಾರಾ?", ಅಂದರೆ ತಂದಿರಾ, ಎಂದು ಕೇಳುವುದು ಅದರ ಮುಂದಿನ ಪಾಠ.

ಎಂಟನೆಯ ತರಗತಿಯಲ್ಲಿರುವ ನನ್ನ ಮಗಳು ಸಿಂಧುವಿನ ಪಾಠವೇ ಬೇರೆ. ನಮ್ಮ ಬಡಾವಣೆಯಾದ ಪಟಮಟದ ರಸ್ತೆ ಅಗಲ ಮಾಡುವುದಾದರೆ ಬಸ್ ಸ್ಟಾಪಿನ ಹಣ್ಣಿನ ಗಾಡಿಗಳನ್ನು ಏನು ಮಾಡಬೇಕು ಎಂದು ತರಗತಿಯಲ್ಲೇ ಒಂದು ಸಭೆಯಂತೆ. ಮಕ್ಕಳೇ ಕಮಿಷನರು, ಮಕ್ಕಳೇ ವ್ಯಾಪಾರಿಗಳು, ಗುಂಪಿಗೊಬ್ಬರು ಪಾಲಕರು. ಈಗ ಲೋಕದ ಎಷ್ಟೋ ಕಡೆ ಹೀಗೆಯೇ ಕಲಿಸುತ್ತಾರೆ ಎಂದರು ಟೀಚರು. ಚೀಟಿ ಎತ್ತಿದಾಗ ನನಗೆ ಬಂದದ್ದು ಬಾಳೆಹಣ್ಣಿನ ಗಾಡಿಯವನ ಪಾತ್ರ. ಅದು ಸಿಂಧುವಿನದೇ ಗುಂಪು. ನಾನು ಎಡವಿದರೆ ಸೋಲುವವಳು ಅವಳು.

"ಅಪ್ಪಾ, ಬಸ್ ಸ್ಟಾಪಿನ ಬಾಳೆಹಣ್ಣಿನ ಗಾಡಿಯಾಕಿನ್ನ ಹೋಗಿ ಕೇಳೂಣು ಬಾ ಪಾ," ಎಂದಳು.

"ನಂಗ ಹೇಳಿಕೊಡಬ್ಯಾಡ. ಸಮಾಜದಾಗ ಕ್ಲಾಸಿಗೇ ಫಸ್ಟ್ ಬಂದಾಂವ ನಾ," ಎಂದು ತೆಲುಗು ಭಾಷಣವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಉರುಹೊಡೆಯಲು ಕೂತೆ. ಅವಳು ಒಬ್ಬಳೇ ಹೋಗಿ ಬಂದಳು.

ಸಭೆಯಲ್ಲಿ ಭಾಷಣವನ್ನು ಗಡಗಡನೆ ಒಪ್ಪಿಸಿದೆ. ಎರಡು ಜಡೆಯ ಕಮಿಷನರು ಕನ್ನಡಕ ಸರಿಮಾಡಿಕೊಂಡು, ಮಾರ್ಕೆಟ್ಟಿನೊಳಗೆ ಜಾಗ ಕೊಟ್ಟರೆ ಹೋಗುತ್ತೀರಾ ಎಂದು ಕೇಳಿಬಿಟ್ಟಳು. ಇದು ನನ್ನ ಭಾಷಣದಲ್ಲಿ ಇರಲಿಲ್ಲ. ತಾನಾಗಿ ಬಾಯಿಗೆ ಬಂದದ್ದು ಒಂದೇ ವಾಕ್ಯ: "ಡಾಕ್ಯುಮೆಂಟ್ಸ್ ತೀಸುಕುನಿ ರೇಪು ರಂಡಿ!" ಕಮಿಷನರಿಗೇ ನಾಳೆ ಬನ್ನಿ ಎನ್ನುವ ಗಾಡಿಯವನನ್ನು ಆ ಊರು ಅದುವರೆಗೆ ಕಂಡಿರಲಾರದು. ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು.

ಸಿಂಧು ಎದ್ದು ನಿಂತಳು. ಬಸ್ಸಿಗೆ ಕಾಯುವವರೇ ನಮ್ಮ ಗಿರಾಕಿಗಳು, ಅವರು ಮಾರ್ಕೆಟ್ಟಿನೊಳಗೆ ಬರುವುದಿಲ್ಲ, ಬಸ್ ಸ್ಟಾಪನ್ನು ಸರಿಸಿದರೆ ಗಾಡಿಯನ್ನೂ ಸರಿಸುತ್ತೇವೆ ಎಂದು ಸ್ವಚ್ಛ ತೆಲುಗಿನಲ್ಲಿ ಹೇಳಿದಳು. ಕಮಿಷನರು ಅಕ್ಕಪಕ್ಕದವರೊಡನೆ ಪಿಸುಗುಟ್ಟಿ ಒಪ್ಪಿಕೊಂಡಳು. ನನಗೆ ಕಣ್ಣು ತುಂಬಿ ಬಂತು. ಹೀಗೆ ಕೇಳುವ, ಹೀಗೆ ಉತ್ತರಿಸುವ ಮಕ್ಕಳನ್ನು ಬೆಳೆಸುತ್ತಿರುವ ಆ ಟೀಚರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆಗ ಕಂಡಳು, ಹಿಂದಿನ ಬೆಂಚಿನಲ್ಲಿ ಸೆರಗು ಬಾಯಿಗಿಟ್ಟು ನಗುತ್ತಿದ್ದ ಹೆಂಗಸು. ನಿಜವಾದ ಗಾಡಿಯಾಕೆ! ಸಿಂಧುವೇ ಸಭೆಗೆ ಕರೆದಿದ್ದಳಂತೆ.

ಮರುದಿನ ಬಸ್ ಸ್ಟಾಪಿನಲ್ಲಿ ಏನೂ ಆಗದವನಂತೆ ಒಂದು ಡಜನ್ ಬಾಳೆಹಣ್ಣು ಕೇಳಿದೆ. ಆಕೆ ಎತ್ತಿದ ಚಿಪ್ಪನ್ನು ಹಿಂದಕ್ಕೆಳೆದುಕೊಂಡು, ಮುಖ ಬಿಗಿದು ಕೇಳಿದಳು: "ಡಾಕ್ಯುಮೆಂಟ್ಸ್ ತೆಚ್ಚಾರಾ, ಸಾರ್?"