ಬೀಗರ ಮುಂದ ಯಾವ ಹೆಸರು?

ಒಂದು ಒಗಟು ಹೇಳ್ತೀನಿ. ಕೆಲಸ ಒಂದಾ, ಹೆಸರು ಮೂರು. ಒಂದು ಹೆಸರಿಗೆ ಕಪಾಳಕ್ಕ ಬೀಳತೈತಿ, ಒಂದಕ್ಕ ಮಂದಿ ಮಾರಿ ತಿರಗಸ್ತಾರ, ಒಂದಕ್ಕ ಶಾಣ್ಯಾ ಅಂತಾರ. ಏನದು?

ಬಿಡ್ರಿ, ತಲಿ ಕೆರಕೊಂಡ್ರೂ ಹೊಳಿಯಂಗಿಲ್ಲ. ಸಂಡಾಸಕ್ಕ ಹೋಗೂದು! ನಾಚಿಕಿ ಬರೂ ಮಾತು ಯಾರ ಮುಂದ ಯಾವ ಇಂಗ್ಲಿಷ್ ಹೆಸರಿಲೆ ಹೇಳಬೇಕು ಅನ್ನೂದು ತಿಳೀದ, ನಮ್ಮ ಅಕ್ಕಲಕೋಟಿ ಮನ್ಯಾಗ ಒಂದಿಲ್ಲೊಂದು ಫಜೀತಿ ನಡದಾ ಇರತಿತ್ತು. ಅಕ್ಕ ಮನ್ಯಾಗ ಇದ್ದಾಗಂತೂ ಕೇಳಬ್ಯಾಡ್ರಿ.

ಸಾಲ್ಯಾಗ

ನಾ ಸಾಲಿ ಅರ್ಧಕ್ಕ ಬಿಟ್ಟಾಂವ. ಏಳನೇ ಇಯತ್ತೆದಾಗ ಇದ್ದಾಗ ನಮ್ಮ ಸರ್ ಒಂದು ಕಾಯ್ದೆ ಮಾಡಿದ್ರು: ಕ್ಲಾಸಿನಿಂದ ಹೊರಗ ಹೋಗಬೇಕಂದ್ರ ಇಂಗ್ಲಿಷಿನ್ಯಾಗಾ ಕೇಳಬೇಕು. ನನ್ನ ಇಂಗ್ಲಿಷ್ ಮೊಬೈಲಿನ್ಯಾಗ ಕಲ್ತಿದ್ದು. ಎದ್ದು ನಿಂತು, "ಸರ್, ಪಿಸ್" ಅಂದೆ. ಕಪಾಳಕ್ಕ ಬಿತ್ತು.

"ಹಲ್ಕಟ್! ಅದು ಓಣ್ಯಾಗಿನ ಮಾತು. ಯೂರಿನ್ ಅನ್ನು."

"ಸರ್, ಯೂರಿನ್."

ಸರ್ ವಿಚಾರ ಮಾಡಿದ್ರು. "ಬ್ಯಾಡ, ಅದು ದವಾಖಾನಿ ಮಾತು. ಟಾಯ್ಲೆಟ್ ಅನ್ನು. ಪೂರಾ ವಾಕ್ಯ ಹೇಳು."

ವಾಕ್ಯ ಪೂರಾ ಆಗೂದ್ರಾಗ ಚಡ್ಡಿನೂ ಪೂರಾ ತೊಯ್ದಿತ್ತು.

ನವಿ ಪೇಠದಾಗ

ಆಮ್ಯಾಲೆ ಸೋಲಾಪುರದ ನವಿ ಪೇಠದಾಗ ಕಾಕಾನ ಬಟ್ಟಿ ಅಂಗಡ್ಯಾಗ ಕೆಲಸಕ್ಕ ನಿಂತೆ. ಕಾಕಾ ಗಿರಾಕಿ ಮಾರಿ ನೋಡಿ ಮಾಲಿನ ಹೆಸರು ಬದಲಸತಿದ್ದ. ಹೊಲದಿಂದ ಬಂದವರಿಗೆ ಚಡ್ಡಿ, ಮಾಸ್ತರಗೆ ಅಂಡರ್‌ವೇರ್, ಎಸಿ ಗಾಡ್ಯಾಗ ಬಂದವರಿಗೆ ಇನ್ನರ್. ಡಬ್ಬಿ ಮಾತ್ರ ಒಂದಾ.

ಒಂದಿನ ಭಂಡಾರಕವಠೆ ಹಳ್ಳಿ ಗೌಡ್ರು ಬಂದ್ರು. ನಾ ಕಿತಾಪತಿ ಮಾಡಿ, "ಇನ್ನರ್ ತೋರಸ್ಲೇನ್ರಿ ಮಾಮಾ?" ಅಂದೆ.

ಗೌಡ್ರು ಮುಟ್ಟಿ ನೋಡಿ ಮಾರಿ ಕಿವಿಚಿದ್ರು. "ಇದು ಬಿಗಿ ಬರತೈತಿ ತಮ್ಮಾ. ಹಾಕ್ಕೊಂಡು ಹೊಲದಾಗ ಕುಂದ್ರಾಕ ಬರಂಗಿಲ್ಲ. ಚಡ್ಡಿ ತೋರಸು."

ಕಾಕಾ ಅದಾ ಡಬ್ಬಿ ಮುಚ್ಚಿ, ಅದನ್ನಾ ಮತ್ತ ತಗದು, "ಚಡ್ಡಿ ನೋಡ್ರಿ ಗೌಡ್ರ" ಅಂದ.

ಗೌಡ್ರು ಜಗ್ಗಿ ನೋಡಿ, "ಹಾಂ! ಇದರಾಗ ನೋಡು, ಗಾಳಿ ಆಡತೈತಿ!"

ಬೀಗರು ಬಂದ ದಿನ

ಅಕ್ಕನ್ನ ನೋಡಾಕ ಪುಣೇದಿಂದ ಬರವರಿದ್ರು. ಅಕ್ಕಗ ಹುಡುಗ ಮೊದಲಾ ಮನಸಿಗೆ ಬಂದಿದ್ದ; ಫೋನಿನ್ಯಾಗ ಅವನ ಫೋಟೋ ದೊಡ್ಡದು ಮಾಡಿ ಮಾಡಿ ನೋಡತಿದ್ಲು. ಅದಕ್ಕ ಮುಂಜಾನಿಂದ ಮನಿಮಂದಿಗೆಲ್ಲಾ ತಾಕೀತು: "ಸಂಡಾಸ ಅನ್ನಬ್ಯಾಡ್ರಿ, ವಾಶ್‌ರೂಮ್ ಅನ್ರಿ. ಈ ಹುಡುಗ ಕೈ ಬಿಟ್ಟು ಹೋದ್ರ ನಾ ನಿಮ್ಮನ್ನ ಬಿಡೂದಿಲ್ಲ."

ನಮ್ಮ ಆಯಿ, ಅಂದ್ರ ಅಪ್ಪನ ಅವ್ವ. ಆಕಿಗೆ ವಾಶ್‌ರೂಮ್ ಅನ್ನೂದು ಬಾಯಾಗ ಹೊಳ್ಳಲಿಲ್ಲ. ನನ್ನ ಮೂಲಿಗೆ ಕರದು, "ಸಣ್ಣ ಹೆಸರು ಯಾವದರೆ ಐತೇನೋ?" ಅಂದ್ಲು.

"ಐತಿ ಆಯಿ. ಶಿಟ್."

"ಇದು ಛಲೋ ಐತಿ" ಅಂದ್ಲು.

ಹುಡುಗನ್ನ ಕರಕೊಂಡು ಬೀಗರು ಬಂದ್ರು; ಸೋಲಾಪುರದಿಂದ ಕಾಕಾನೂ ಹೊಸಾ ಅಂಗಿ ಹಾಕ್ಕೊಂಡು ಬಂದಿದ್ದ. ಉಪ್ಪಿಟ್ಟು, ಶೇಂಗಾ ಹಿಂಡಿ, ಇಂಗ್ಲಿಷ್, ಎಲ್ಲಾ ನಡೀತು. ಹುಡುಗನ ಅಪ್ಪ ಮಾತ್ರ ಕಾಲ ಮ್ಯಾಲೆ ಕಾಲು ಹಾಕಿ, ಇಳಿಸಿ, ಬೆವರು ಒರಸಾಕತ್ತಿದ್ರು. ಅವರಿಗೆ ಕೇಳಾಕ ನಾಚಿಕಿ, ನಮಗ ಹೇಳಾಕ ನಾಚಿಕಿ. ಆಯಿಗೆ ಕನಿಕರ ಬಂತು. ಸೆರಗು ತಲಿ ಮ್ಯಾಲೆ ಎಳಕೊಂಡು, ಇದ್ದಬದ್ದ ಮರ್ಯಾದಿ ಎಲ್ಲಾ ಹಾಕಿ ಕೇಳಿದ್ಲು:

"ಬೀಗರ, ಶಿಟ್ ರಿ?"

ಅಕ್ಕ ಚಹಾದ ಕಪ್ಪು ಟಪ್ಪಂತ ಕೆಳಗಿಟ್ಲು. ನನ್ನ ಕಡೆ ನೋಡಿದ್ಲು ನೋಡ್ರಿ, ನಾ ಬಾಗಲಾ ಹುಡಕಾಕತ್ತೆ.

ಬೀಗರು ದಡಕ್ಕನ ಎದ್ದು, "ಹೌದ್ರಿ ಅವ್ವಾರ! ಯಾ ಕಡೆ ಐತ್ರಿ?" ಅಂತ ಓಡಿದ್ರು. ಹೊಳ್ಳಿ ಬಂದು ಹಗುರಾಗಿ ಕುಂತು, "ಹುಡುಗಿ ಪಸಂದ. ಕೇಳೂ ಮೊದಲಾ ತಿಳಕೊಳ್ಳೂ ಮಂದಿ ನಮಗ ಬೇಕಿತ್ತು" ಅಂದ್ರು.

ಅಕ್ಕ ಈಗ ಪುಣೇದಾಗ. ನಾವು ಸಂಡಾಸಕ್ಕ ಸಂಡಾಸ ಅಂತೀವಿ. ಬೈಯೂವರ ಇಲ್ಲ, ಅದಾ ಬ್ಯಾಸರ.

ಇನ್ನ, ಬೀಗರು ಹೊಳ್ಳಿ ಬಂದು ಅಂದದ್ದು ನಾ ಕಟ್ಟಿದ್ದು. ಖರೇ ಅಂದ್ರ ಅವರು ಒಳಗ ಬರಲೇ ಇಲ್ಲ. ನಾಚಿ ಹಿತ್ತಲದಾಗಿನ ಸಂಡಾಸದಿಂದ ಸೀದಾ ಗಾಡ್ಯಾಗ ಹೋಗಿ ಕುಂತ್ರು. ಹೂಂ ಅಂದಾಂವ ಹುಡುಗ. ಅದೂ ನಗಿ ತಡಿಯಾಕಾಗದ, ಬಾಯಾಗಿನ ಉಪ್ಪಿಟ್ಟು ಕಾಕಾನ ಹೊಸಾ ಅಂಗಿ ಮ್ಯಾಲೆ ಸಿಡಿಸಿ.