ಮಿಸೆಸ್ ಕ್ರಾಬ್‌ಟ್ರೀ ಸಾಯಬಾರದು

ಮ್ಯೂರಿಯಲ್ ಆಕ್‌ರಾಯ್ಡ್ ಕೂರಲು ಒಂದು ಕುರ್ಚಿ ಕೇಳಿದ್ದೇ ತಪ್ಪಾಯಿತು. ಇಂಗ್ಲೆಂಡಿನ ಲೀಡ್ಸ್‌ನ ಆ ಟೀವಿ ಸ್ಟುಡಿಯೋದಲ್ಲಿ ನಾಯಕ ನಾಯಕಿಯರಿಗೆ ಹೆಸರು ಬರೆದ ಕುರ್ಚಿಗಳಿದ್ದವು. ಮ್ಯೂರಿಯಲ್‌ಳಂಥ ಚಿಲ್ಲರೆ ಪಾತ್ರದವರು ಗೋಡೆಗೆ ಒರಗಿ ನಿಲ್ಲಬೇಕಿತ್ತು. ಮಂಡಿ ನೋವು, ಒಂದು ಕುರ್ಚಿ ಹಾಕಿಸಿ ಎಂದು ನಿರ್ಮಾಪಕ ಪೆಲ್‌ಗೆ ಹೇಳಿದಳು. ಪೆಲ್ ಬಹಳ ಮರುಗಿದ. ಧಾರಾವಾಹಿಯ ಮುಂದಿನ ಕಂತಿನಲ್ಲೇ ಅವಳ ಪಾತ್ರ ಬಕೆಟ್ ಎಡವಿ, ಮೆಟ್ಟಿಲ ಮೇಲಿಂದ ಕಲ್ಲಿದ್ದಲಿನ ಚೀಲದಂತೆ ಉರುಳಿಬಿತ್ತು.

ಪಾತ್ರದ ಹೆಸರು ಮಿಸೆಸ್ ಕ್ರಾಬ್‌ಟ್ರೀ. ಕೋಣೆಗಳನ್ನು ಬಾಡಿಗೆಗೆ ಕೊಡುವ ಹೆಂಗಸು. ಬಾಡಿಗೆಯವರ ಹಾಲಿಗೆ ನೀರು ಬೆರೆಸುವವಳು, ಅವರಿಗೆ ಬಂದ ಕಾಗದ ಒಡೆದು ಓದುವವಳು. ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಮ್ಯೂರಿಯಲ್ ದಾದಿಯಾಗಿದ್ದಳು, ಅಡುಗೆಯವಳಾಗಿದ್ದಳು, ಹೆಣ ಕಂಡು ಟ್ರೇ ಕೈಬಿಟ್ಟು ಕಿರುಚುವವಳಾಗಿದ್ದಳು. ಆ ಪಾತ್ರಗಳಲ್ಲಿ ಯಾವುದಕ್ಕೂ ಹೆಸರಿರಲಿಲ್ಲ. ಹೆಸರಿದ್ದ ಒಂದೇ ಒಂದು ಪಾತ್ರ ಈಗ ಮೆಟ್ಟಿಲ ಬುಡದಲ್ಲಿ ಬೋರಲು ಬಿದ್ದಿತ್ತು. ಅದು ಬದುಕುವುದೋ ಸಾಯುವುದೋ ಎಂಬುದನ್ನು ಪೆಲ್ ಮಂಗಳವಾರ ಮಧ್ಯಾಹ್ನ ತೀರ್ಮಾನಿಸುವವನಿದ್ದ.

ಅವತ್ತು ಬೆಳಿಗ್ಗೆ ಮಾಂಸದಂಗಡಿಯ ಸಾಲಿನಲ್ಲಿ ಹಿಂದೆ ನಿಂತಿದ್ದ ಮುದುಕಿ ಅವಳ ಬೆನ್ನಿಗೆ ಕೊಡೆಯಿಂದ ತಿವಿದಳು.

"ಬಾಡಿಗೆ ಕೊಡ್ಲಿಲ್ಲಾಂತ ಆ ಬಡಪಾಯಿ ಹುಡುಗನ್ನ ಚಳೀಲಿ ಆಚೆ ಹಾಕಿದ್ಯಲ್ಲ, ದೇವರು ಸರಿಯಾಗೇ ಉರುಳಿಸಿದ."

"ಅದು ನಾನಲ್ಲಮ್ಮ, ಪಾತ್ರ."

"ಮುಖ ನಿಂದೇ ಅಲ್ವಾ?"

ಅಂಗಡಿಯ ಹರ್ಸ್ಟ್ ಬರೀ ಕೊಬ್ಬನ್ನು ತೂಗಿ ಪೊಟ್ಟಣ ಕಟ್ಟಿದ. "ಬಾಡಿಗೆಯವರಿಗೆ ನೀವು ಬಡಿಸೋದು ಇದೇ ಅಲ್ವಾ ಮೇಡಂ? ಇವತ್ತು ನೀವೇ ತಿಂದು ನೋಡಿ."

ಮನೆಗೆ ಬಂದರೆ ಪಕ್ಕದ ಮನೆಯ ಡಾಟ್ ಸಗ್ಡನ್ ಆಗಲೇ ಒಳಗೆ ಸೇರಿಕೊಂಡು ಟೀಗೆ ನೀರಿಟ್ಟಿದ್ದಳು. ಬಾಗಿಲು ತಟ್ಟಿ ಬರುವ ಅಭ್ಯಾಸ ಆ ಬೀದಿಯಲ್ಲಿ ಪೊಲೀಸರಿಗೆ ಮಾತ್ರ ಇತ್ತು.

"ಯಾಕೇ, ಮುಖ ಹೀಗೆ ಮಾಡ್ಕೊಂಡಿದೀಯ?"

ಮ್ಯೂರಿಯಲ್ ಎಲ್ಲವನ್ನೂ ಹೇಳಿಬಿಟ್ಟಳು. ಹೇಳಬಾರದಿತ್ತು.

"ಸಾಯಿಸ್ತಾನಂತಾ? ನಮ್ಮ ಬೀದಿಯವಳನ್ನ? ನಾನಿದೀನಿ, ಸುಮ್ನಿರು."

"ದಮ್ಮಯ್ಯ ಡಾಟ್, ನೀನೇನೂ ಮಾಡ್ಬೇಡ." ಹಿಂದೊಮ್ಮೆ ಡಾಟ್ ಸಹಾಯ ಮಾಡಿದ್ದಾಗ ಬೆಂಕಿ ಆರಿಸುವವರು ಬರಬೇಕಾಗಿತ್ತು.

"ನಾನೇನು ಮಾಡ್ತೀನಿ ಮಾರಾಯ್ತಿ, ಹೋಗಿ ಮಾತಾಡಿಸ್ಕೊಂಡು ಬರ್ತೀನಿ ಅಷ್ಟೇ." ಡಾಟ್ ಟೋಪಿ ಇಟ್ಟುಕೊಂಡಳು. ಅವಳು ಟೋಪಿ ಇಟ್ಟಳೆಂದರೆ ಮಾತು ಮುಗಿದಂತೆ.

ಅವಳಿಗಿಂತ ಮೊದಲೇ ಸ್ಟುಡಿಯೋ ಸೇರಬೇಕೆಂದು ಮ್ಯೂರಿಯಲ್ ಕೋಟು ಹಾಕಿಕೊಂಡು ಓಡಿದಳು. ಬಸ್ಸಿನ ಕಂಡಕ್ಟರ್ ಗುರುತು ಹಿಡಿದ. "ಆ ಹುಡುಗನಿಗೆ ಕೋಣೆ ವಾಪಸ್ ಕೊಡ್ತೀನಿ ಅನ್ನಿ, ಬೆಲ್ ಹೊಡೀತೀನಿ," ಎಂದ. ಅವಳು ವಾದಿಸಿದಳು. ಬಸ್ಸಿಗೆ ಬಸ್ಸೇ ಕಂಡಕ್ಟರನ ಕಡೆಗಿತ್ತು. ಕೊನೆಗೆ ಇಲ್ಲದ ಮನೆಯ ಇಲ್ಲದ ಕೋಣೆಯನ್ನು ಇಲ್ಲದ ಹುಡುಗನಿಗೆ ಬಿಟ್ಟುಕೊಟ್ಟ ಮೇಲೆಯೇ ಬಸ್ಸು ಹೊರಟಿತು. ಅಷ್ಟರಲ್ಲಿ ಹಿಂದಿನ ಬಸ್ಸು ಮುಂದೆ ಹೋಗಿತ್ತು. ಅದರ ಕಿಟಕಿಯಲ್ಲಿ ಡಾಟ್‌ಳ ಟೋಪಿ ಕಂಡಿತು.

ಸ್ಟುಡಿಯೋ ಗೇಟಿನ ಮುಂದೆ ಬೀದಿಯ ಹೆಂಗಸರೆಲ್ಲ ನೆರೆದಿದ್ದರು. ಒಂದು ಹಾಸಿಗೆ ಬಟ್ಟೆಯ ಮೇಲೆ 'ಮಿಸೆಸ್ ಕ್ರಾಬ್‌ಟ್ರೀ ಸಾಯಬಾರದು' ಎಂದು ಬರೆದಿತ್ತು. ಬಟ್ಟೆ ಮ್ಯೂರಿಯಲ್‌ಳದೇ, ಬೆಳಿಗ್ಗೆ ಒಣಹಾಕಿದ್ದು. ಪೆಲ್‌ನ ಕಾರಿಗೆ ಅಡ್ಡವಾಗಿ ಡಾಟ್ ರಸ್ತೆಯ ಮೇಲೆ ಅಂಗಾತ ಮಲಗಿದ್ದಳು. ಜಿಟಿಜಿಟಿ ಮಳೆ ಮುಖದ ಮೇಲೆ ಬೀಳುತ್ತಿತ್ತು. ಪೆಲ್ ಹಾರ್ನ್ ಹೊಡೆದ. ನಾಯಿಯೊಂದು ಅವಳ ಮೂಗು ಮೂಸಿತು. ಪೊಲೀಸನೊಬ್ಬ ಅವಳ ಕೈ ಎತ್ತಿ ಬಿಟ್ಟ. ಕೈ ಒದ್ದೆ ಬಟ್ಟೆಯಂತೆ ಬಿತ್ತು. ಡಾಟ್ ಅಲುಗಲಿಲ್ಲ. ಪತ್ರಿಕೆಯವನು ಫೋಟೋ ಮೇಲೆ ಫೋಟೋ ತೆಗೆಯುತ್ತಿದ್ದ.

ಪೆಲ್ ಕಾರಿನಿಂದಿಳಿದು ಅವಳನ್ನು ತುಂಬಾ ಹೊತ್ತು ನೋಡಿದ. "ಆಯ್ತಮ್ಮ, ಏಳಿ. ಸಾಯಿಸಲ್ಲ."

ಡಾಟ್ ಒಂದೇ ಕಣ್ಣು ತೆರೆದಳು. "ಪತ್ರಿಕೆಯವರ ಮುಂದೆ ಹೇಳಿ."

ಪೆಲ್ ಹೇಳಿದ. ಮ್ಯೂರಿಯಲ್‌ಗೆ ಮಂಡಿ ನೋವೇ ಮರೆತುಹೋಯಿತು. ಡಾಟ್‌ಳ ಬಗ್ಗೆ ಇಷ್ಟು ವರ್ಷ ಅಂದುಕೊಂಡಿದ್ದನ್ನೆಲ್ಲ ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡಳು. ಪೆಲ್ ಕರೆಸುವವರೆಗೆ ಹೊರಗೆ ಕಾಯುತ್ತಾ, ಕ್ರಾಬ್‌ಟ್ರೀ ಆಸ್ಪತ್ರೆಯ ದಾದಿಯರನ್ನು ಹೇಗೆ ಗೋಳು ಹುಯ್ದುಕೊಳ್ಳಬಹುದೆಂದು ಯೋಚಿಸಿದಳು.

"ಕ್ರಾಬ್‌ಟ್ರೀ ಬದುಕ್ತಾಳೆ," ಎಂದ ಪೆಲ್, ಅವಳನ್ನು ತನ್ನ ಕೋಣೆಗೆ ಕರೆಸಿ. "ಆದರೆ ಪ್ರಜ್ಞೆ ಇರೋದಿಲ್ಲ. ಮುಖ ತುಂಬ ಬ್ಯಾಂಡೇಜು. ಎಷ್ಟು ತಿಂಗಳಾದರೂ ಎಳೀಬಹುದು."

"ಪರವಾಗಿಲ್ಲ ಮಿಸ್ಟರ್ ಪೆಲ್, ಮಲಗ್ತೀನಿ."

"ನೀವಾ? ಛೆ, ಛೆ. ನಿಮ್ಮಂಥ ಕಲಾವಿದೆಯ ಬಾಯಿಗೆ ಬಟ್ಟೆ ಸುತ್ತಿ ಮಲಗಿಸೋ ಪಾಪ ನನಗೆ ಬೇಡ. ಮುಖವೇ ಕಾಣದ ಮೇಲೆ ಯಾರಾದರೇನು?"

"ಮತ್ಯಾರು ಮಲಗೋದು?"

"ಅಷ್ಟು ಅಲುಗಾಡದೆ ಮಲಗೋರನ್ನ ನಾನು ಈ ವೃತ್ತಿಯಲ್ಲೇ ನೋಡಿರಲಿಲ್ಲ," ಎಂದ ಪೆಲ್, ಮನಸಾರೆ.

ಬಾಗಿಲು ತಟ್ಟದೆಯೇ ಡಾಟ್ ಒಳಗೆ ಬಂದಳು. ಅರ್ಧ ತಲೆಗೆ ಬ್ಯಾಂಡೇಜು ಸುತ್ತಿತ್ತು. ಉಳಿದ ಬ್ಯಾಂಡೇಜು ಅವಳ ಹಿಂದೆ ನೆಲದ ಮೇಲೆ ತೆವಳಿಕೊಂಡು ಬರುತ್ತಿತ್ತು.

"ಉಳಿಸ್ಕೊಂಡೆ ನೋಡೇ, ನಿನ್ನ ಕ್ರಾಬ್‌ಟ್ರೀನ. ಗುರುವಾರದಿಂದ ಶುರು. ನಿನಗೋಸ್ಕರ ಎಷ್ಟು ದಿನ ಬೇಕಾದ್ರೂ ಮಲಗ್ತೀನಿ ಕಣೇ. ಒಂದೇ ಅನುಮಾನ. ಪ್ರಜ್ಞೆ ತಪ್ಪಿದಾಗ ಬಾಯಿ ಮುಚ್ಚಿರ್ಬೇಕಾ, ಬಿಟ್ಟಿರ್ಬೇಕಾ?"

ಮ್ಯೂರಿಯಲ್ ಅವಳನ್ನು ನೋಡಿದಳು. ಕಿರುಚುವುದು ಮ್ಯೂರಿಯಲ್‌ಗೆ ಚೆನ್ನಾಗಿ ಬರುತ್ತಿತ್ತು. ಆದರೆ ಡಾಟ್ ಕೇಳಿದ್ದು ಕೆಲಸದ ವಿಷಯ.

"ಒಂಚೂರು ಬಿಟ್ಟಿರ್ಲಿ," ಎಂದಳು. "ಉಸಿರು ಆಡ್ತಿರೋದು ಕಾಣ್ಬೇಕು. ಇಲ್ದಿದ್ರೆ ಸತ್ತೋಗಿದಾಳೆ ಅನ್ಕೋತಾರೆ."