ಬಂಡೆಯ ಉಸಿರು

ನಮ್ಮ ಮನೆಯಲ್ಲಿ ನಲವತ್ತು ಸಾವಿರದ ಎರಡು ಜೀವಗಳಿವೆ. ನಲವತ್ತು ಸಾವಿರ ರೇಷ್ಮೆ ಹುಳುಗಳು, ನನ್ನ ಹೆಂಡತಿ ವಾಣಿಶ್ರೀ, ಕೊನೆಗೆ ನಾನು. (ಮಗಳು ಮದುವೆಯಾಗಿ ಮಾಲೂರು ಸೇರಿದ ಮೇಲಿನ ಲೆಕ್ಕ ಇದು.) ಈ ಕ್ರಮದಲ್ಲಿ ಸುಮ್ಮನೆ ಬರೆಯಲಿಲ್ಲ, ನಮ್ಮಲ್ಲಿ ಹೊಟ್ಟೆಗೆ ಬೀಳುವುದೂ ಇದೇ ಕ್ರಮದಲ್ಲಿ. ಪೌಡರಿನ ವಾಸನೆ ಹುಳುಗಳಿಗೆ ಆಗುವುದಿಲ್ಲವೆಂದು ನಾನು ಮದುವೆಯಾದಾಗಿನಿಂದ ಪೌಡರ್ ಮುಟ್ಟಿಲ್ಲ. ಹೊಗೆ ಆಗುವುದಿಲ್ಲವೆಂದು ನಮ್ಮ ದೇವರೂ ಊದುಬತ್ತಿ ಇಲ್ಲದೆ ಕಾಲ ಹಾಕುತ್ತಿದ್ದಾನೆ. ಅವನೂ ಎದುರು ಮಾತಾಡುವುದಿಲ್ಲ, ನಾನೂ ಆಡುವುದಿಲ್ಲ.

ನನ್ನ ಹೆಸರು ಕದಿರೇಶ. ಊರು ಸುಗಟೂರು. ಕೋಲಾರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಇಪ್ಪತ್ತೇಳು ವರ್ಷದಿಂದ ಮಕ್ಕಳ ಕೈಲಿ ಹೂಕುಂಡ, ಸೇಬು, ಎರಡು ಗುಡ್ಡದ ನಡುವಿನ ಸೂರ್ಯ ಬರೆಸಿ ಬರೆಸಿ, ನನ್ನೊಳಗಿನ ಕಲಾವಿದ ಅದೇ ಗುಡ್ಡಗಳ ಹಿಂದೆ ಮುಳುಗಿಹೋಗಿದ್ದ. ಅವನನ್ನು ಮೇಲೆತ್ತಲು ಬಂದವರು ರಜನಿ ಮೇಡಂ.

ಅವರು ಶಬ್ದ ಕಲಾವಿದೆ. ಮೇಷ್ಟ್ರುಗಳಿಗಾಗಿ ಕೋಲಾರದಲ್ಲಿ ಐದು ಭಾನುವಾರಗಳ ಶಿಬಿರ ನಡೆಸಿದರು. ಬಣ್ಣ ಬೇಡ, ಬ್ರಷ್ ಬೇಡ. ನಿಮ್ಮ ನೆಲದ ಕಲ್ಲು, ಕೆರೆ, ಗಾಳಿ, ಮರ ಏನು ಹೇಳುತ್ತವೋ ಅದನ್ನು ರೆಕಾರ್ಡ್ ಮಾಡಿ ತನ್ನಿ, ಅದನ್ನೇ ಜೋಡಿಸಿ ಕಲೆ ಮಾಡೋಣ ಎಂದರು. ಮೊದಲನೇ ದಿನವೇ ನನಗೆ ರೋಮಾಂಚನ. ಮನೆಗೆ ಬಂದವನೇ ಘೋಷಿಸಿದೆ.

"ವಾಣಿ, ಇವತ್ತಿಂದ ನಾನು ಶಬ್ದ ಕಲಾವಿದ."

"ಅಂದ್ರೆ ಏನ್ರೀ ಮಾಡೋದು?"

"ಪ್ರಕೃತಿಯ ಅಂತರಂಗದ ಧ್ವನಿಯನ್ನು ಆಲಿಸೋದು."

"ಬಚ್ಚಲ ನಲ್ಲಿ ಎಂಟು ದಿನದಿಂದ ತೊಟ್ಟಿಕ್ತಾ ಐತೆ. ಮೊದಲು ಅದನ್ನ ಆಲಿಸಿ."

ಇಂಥ ಮಾತಿಗೆ ಕಲಾವಿದರು ಉತ್ತರಿಸಬಾರದು. (ನಲ್ಲಿ ಮಾತ್ರ ರಿಪೇರಿ ಮಾಡಿದೆ.)

ಮರುದಿನ ಸಂಜೆ ಸ್ಕೂಲು ಬಿಟ್ಟ ಮೇಲೆ ಅಂತರಗಂಗೆ ಬೆಟ್ಟದ ಹಿಂಬದಿಯ ಬಂಡೆಗಳತ್ತ ಹೊರಟೆ. ಮೇಡಂ ಕೊಟ್ಟಿದ್ದ ರೆಕಾರ್ಡರಿನ, ಅಂಗಿ ಗುಂಡಿಯಷ್ಟೇ ಇದ್ದ ಮೈಕನ್ನು ಬಂಡೆಗೇ ಅಂಟಿಸಬೇಕು. ಕಲ್ಲಿನೊಳಗಿನ ಸದ್ದು ಹಾಗೇ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಬಂಡೆಯನ್ನು ಆರಿಸಿಕೊಂಡು, ಕೈಕಾಲು ಎರಡನ್ನೂ ಬಳಸಿ ಹತ್ತಿ, ಮೈಕು ಅಂಟಿಸಿ, ಪಕ್ಕದಲ್ಲೇ ಬಂಡೆಯನ್ನು ತಬ್ಬಿಕೊಂಡು ಮಲಗಿದೆ. ಕಣ್ಣು ಬಿಟ್ಟಾಗ ಎದುರಿಗೆ ಹನ್ನೆರಡು ಮೇಕೆಗಳೂ ಅವುಗಳ ಯಜಮಾನ ಮುನಿಯಲ್ಲಪ್ಪನೂ ನಿಂತಿದ್ದರು.

"ಏಂ ಸಾರ್, ರಾಯಿಕಿ ಜ್ವರಮಾ?" ಎಂದ ತೆಲುಗಿನಲ್ಲಿ. ನಾನು ಪಿಳಿಪಿಳಿ ನೋಡಿದ್ದನ್ನು ಕಂಡು ಕನ್ನಡದಲ್ಲೂ ಕೇಳಿದ: "ಅಲ್ಲಾ ಸಾರ್, ಕಲ್ಲಿಗೇನಾದ್ರೂ ಜ್ವರಾನಾ?"

"ಶ್! ಬಂಡೆ ಮಾತಾಡ್ತಿದೆ."

ಮುನಿಯಲ್ಲಪ್ಪ ತನ್ನ ಮೇಕೆಗಳನ್ನು ನನ್ನಿಂದ ಸ್ವಲ್ಪ ದೂರಕ್ಕೆ ಹೊಡೆದುಕೊಂಡು ಹೋದ.

ಎರಡನೇ ಭಾನುವಾರ ಶಿಬಿರದಲ್ಲಿ ನನ್ನ ರೆಕಾರ್ಡಿಂಗ್ ಕೇಳಿಸಿದರು. ಮೊದಲು ಗಾಳಿ. ಅದರಡಿಯಲ್ಲಿ, ಆಳದಿಂದ, ಹುಸ್... ಹಾ... ಹುಸ್... ಹಾ... ಮುಳಬಾಗಿಲಿನ ಸಂಗೀತದ ಟೀಚರಮ್ಮ ತೋಳು ಸವರಿಕೊಂಡರು.

"ಕದಿರೇಶ್ ಸರ್, ಇದೇನಿದು?" ರಜನಿ ಮೇಡಂ ಪಿಸುಗುಟ್ಟಿದರು.

ಸತ್ಯ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನಲು ನಾನೇನು ಏಳನೇ ಕ್ಲಾಸಿನ ಹುಡುಗನೇ?

"ಬಂಡೆ ಉಸಿರಾಡ್ತಿದೆ ಮೇಡಂ," ಎಂದೆ. ಅಷ್ಟಕ್ಕೆ ಬಿಡದೆ, ಹಗಲಿನ ಕಾವಿಗೆ ಬಿರುಕಿನೊಳಗಿನ ಗಾಳಿ ಹಿಗ್ಗುವುದು, ಸಂಜೆಗೆ ಕುಗ್ಗುವುದು, ಕೋಟ್ಯಂತರ ವರ್ಷದ ಶಿಲೆಯ ಮೌನ ವೇದನೆ ಎಂದೆಲ್ಲ ಕಾಲು ಗಂಟೆ ಮಾತಾಡಿದೆ. ಚಪ್ಪಾಳೆ ಬಿತ್ತು. ನನ್ನ ಇಡೀ ಸೇವಾವಧಿಯಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ.

"ಈ ಉಸಿರಿನ ಜೊತೆಗೆ ಮಳೆಯ ಸದ್ದು ಸೇರಿದ್ರೆ ಎಷ್ಟು ಚೆನ್ನಾಗಿರುತ್ತೆ!" ಎಂದರು ಮೇಡಂ. "ಕೊನೇ ಭಾನುವಾರ ಊರವರನ್ನ ಕರೆದು ಕೇಳಿಸೋಣ. ಆದ್ರೆ ಮಳೆ ನಿಮ್ಮ ನೆಲದ್ದೇ ಆಗಿರಬೇಕು ಸರ್, ಎಲ್ಲಿಂದಲೋ ತಂದದ್ದು ಬೇಡ."

ಮಾರ್ಚ್ ತಿಂಗಳು. ಕೋಲಾರ ಜಿಲ್ಲೆ. ಮಳೆ! ಎರಡು ವಾರ ರೆಕಾರ್ಡರ್ ಹಿಡಿದು ಆಕಾಶ ನೋಡಿದೆ. ಆಕಾಶ ನನ್ನನ್ನು ನೋಡಿತು.

ಆ ಗುರುವಾರ ಸಂಜೆ ಸೊಪ್ಪು ಹಾಕುವ ಆಳು ಬರಲಿಲ್ಲ. ಹುಳುಗಳು ಕೊನೆಯ ಜ್ವರದಿಂದ ಎದ್ದಿದ್ದವು. (ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಎದ್ದ ಮೇಲೆ ಅವಕ್ಕೆ ರಾಕ್ಷಸ ಹಸಿವು.) ವಾಣಿಶ್ರೀ ನನ್ನ ಕಾಲು ತೊಳೆಸಿ, ಸೊಪ್ಪಿನ ಮಂಕರಿ ಹೊರಿಸಿ ಹುಳುಮನೆಯೊಳಗೆ ಬಿಟ್ಟಳು. ಇಷ್ಟು ವರ್ಷ ನಾನು ಮಂಕರಿಯನ್ನು ಬಾಗಿಲಲ್ಲೇ ಇಳಿಸಿ ಓಡುತ್ತಿದ್ದವನು. ಅವತ್ತು ಹುಳುಗಳಿದ್ದ ಬಿದಿರಿನ ತಟ್ಟೆ ತಟ್ಟೆಗೂ ಹಿಪ್ಪುನೇರಳೆ ಸೊಪ್ಪು ಹರಡಿ ಸೊಂಟ ನೆಟ್ಟಗೆ ಮಾಡಿಕೊಂಡೆ. ಆಗ ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಒಂದೇ ಸಮನೆ, ಹೆಂಚಿನ ಮೇಲೆ ಬೀಳುವ ಹದವಾದ ಮಳೆ.

"ಮಳೆ ಕಣೇ!" ಎಂದು ಕೂಗಿ ಅಂಗಳಕ್ಕೆ ಓಡಿ, ತಂತಿಯ ಮೇಲಿದ್ದ ಬಟ್ಟೆಗಳನ್ನೆಲ್ಲ ಬಾಚಿಕೊಂಡೆ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಬಾಗಿಲಲ್ಲಿ ವಾಣಿಶ್ರೀ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಹುಳು ತಿನ್ನೋ ಸದ್ದು ರೀ ಅದು! ಇಷ್ಟು ವರ್ಷಕ್ಕೆ ಇವತ್ತಾ ನಿಮಗೆ ಕೇಳಿಸಿದ್ದು?"

ಮತ್ತೆ ಒಳಗೆ ಹೋಗಿ ಇಬ್ಬರೂ ಕೇಳುತ್ತಾ ನಿಂತೆವು. ಅವಳ ದನಿ ಮೆತ್ತಗಾಯಿತು.

"ಮಳೆ ಬರದೇ ಇದ್ದ ವರ್ಷಗಳಲ್ಲಿ ನಾನು ಇಲ್ಲೇ ಬಂದು ಕೂತ್ಕೊತಿದ್ದೆ. ಕಣ್ಣು ಮುಚ್ಕೊಂಡ್ರೆ ಎಲ್ಲ ಕಡೆ ಮಳೆ. ನಿಮ್ಮ ಹತ್ರ ಜಗಳ ಆದಾಗ್ಲೂ ಇಲ್ಲೇ ಬರೋದು."

"ಹಾಗಾದ್ರೆ ದಿನಾ ಕೂತಿದ್ದೀಯ."

"ಕೆಲವು ದಿನ ಎರಡು ಸಲ."

ನಾನು ಮೆಲ್ಲಗೆ ರೆಕಾರ್ಡರಿನ ಮಾತೆತ್ತಿದೆ. ಅವಳು ತಲೆಯಾಡಿಸಿದಳು. "ಬೇಡ ರೀ. ಇದನ್ನ ಊರಿಗೆಲ್ಲ ಕೇಳಿಸೋದು ಬೇಡ. ಇದೊಂದು ನನಗೇ ಇರ್ಲಿ."

ಬೇರೆ ಯಾವ ಗಂಡನಾದರೂ ಅಲ್ಲಿಗೆ ಬಿಡುತ್ತಿದ್ದ. ಆದರೆ ನಾನು ಬರೀ ಗಂಡನಲ್ಲವಲ್ಲ, ಕಲಾವಿದ! ಭಾನುವಾರ ಬೆಳಗ್ಗೆ ಅವಳು ಒಂದು ಸುತ್ತು ಸೊಪ್ಪು ಹಾಕಿ, ಇನ್ನಷ್ಟು ತರಲು ತೋಟಕ್ಕೆ ಹೋದ ಹೊತ್ತಿಗೆ ರೆಕಾರ್ಡರ್ ಹಾಕಿ ಕೆಳಗಿನ ತಟ್ಟೆಯ ಹಿಂದೆ ಬಚ್ಚಿಟ್ಟು ಸ್ನಾನಕ್ಕೆ ಹೋದೆ. ಸ್ನಾನ ಮುಗಿಸಿ ಬಂದು ಕಳ್ಳನಂತೆ ಎತ್ತಿಕೊಂಡೆ. "ನಾನೂ ಬರ್ಲಾ?" ಎಂದು ಹಿಂದಿನ ದಿನವೇ ಕೇಳಿದ್ದಳು. "ಬೇಡ, ಅದೆಲ್ಲ ನಿನಗೆ ಅರ್ಥ ಆಗಲ್ಲ," ಎಂದಿದ್ದೆ. ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಮೊದಲ ಮೂರು ನಿಮಿಷ ಕೇಳಿದೆ. ಅಪ್ಪಟ ಮಳೆ. ತೃಪ್ತಿಯಿಂದ ನಿದ್ದೆ ಹೋದೆ.

ಮಧ್ಯಾಹ್ನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಪೇಟೆಯ ಹಳೆಯ ವೈದ್ಯರಾದ ವೆಂಕಟ್ ಡಾಕ್ಟರು ಕೂತಿದ್ದರು. ನನ್ನ ಸರದಿ ಬಂದಾಗ ಎದ್ದು ಜೇಬಿಗೆ ಕೈ ಹಾಕಿದರೆ ಭಾಷಣದ ಹಾಳೆ ಇಲ್ಲ, ಮನೆಯಲ್ಲೇ ಬಿಟ್ಟುಬಂದಿದ್ದೆ. "ಶಿಲೆ ಉಸಿರಾಡಿತು, ಮುಗಿಲು ಕರಗಿತು," ಎಂದಷ್ಟೇ ಹೇಳಿ ಕೂತೆ. ಅದೇ ಗಂಭೀರವಾಗಿ ಕೇಳಿಸಿತಂತೆ.

ಕಿಟಕಿ ಪರದೆ ಎಳೆದರು. ಬಂಡೆಯ ಉಸಿರು ಶುರುವಾಯಿತು. ಅದರ ಮೇಲೆ ನಿಧಾನವಾಗಿ ಮಳೆ ಇಳಿಯಿತು. ಜನ ಕಣ್ಣು ಮುಚ್ಚಿ ಕುಳಿತರು. ಗೇಟಿನ ಹತ್ತಿರ ಆಟೋ ಓಡಿಸುವ ಖುದ್ದೂಸ್ ಮಳೆಯೆಂದು ಗಡಬಡಿಸಿ ತನ್ನ ಆಟೋದ ಪಕ್ಕದ ಪರದೆ ಇಳಿಬಿಟ್ಟದ್ದನ್ನು ಬಾಗಿಲ ಸಂದಿಯಿಂದ ನಾನೇ ಕಂಡೆ. ಎದೆ ಉಬ್ಬಿತು. ಅಷ್ಟರಲ್ಲಿ ಆ ಬಾಗಿಲು ತೆರೆದು ವಾಣಿಶ್ರೀ ಒಳಗೆ ಬಂದಳು. ಕೈಯಲ್ಲಿ ನನ್ನ ಭಾಷಣದ ಹಾಳೆ. ಮುಂದಿನ ಬಸ್ಸು ಹಿಡಿದು ಅದನ್ನು ತಂದಿದ್ದಳು! ಅವಳು ನಿಂತಲ್ಲೇ ನಿಂತಳು. ತನ್ನ ಮಳೆ ಅವಳಿಗೆ ಗೊತ್ತಾಗದೇ ಇರುತ್ತದೆಯೇ?

ನಾನು ಮುಖ ತಿರುಗಿಸಿಕೊಂಡೆ. ಆಗ ಸ್ಪೀಕರಿನಿಂದ, ಮಳೆಯ ನಡುವಿನಿಂದ, ಒಂದು ಹೆಣ್ಣು ದನಿ ಬಂತು.

"ಲೇ, ತಳ್ಳಾಡ್ಬೇಡ್ರೋ, ಎಲ್ಲರಿಗೂ ಐತೆ. ನಮ್ಮನೇ ದೊಡ್ಡ ಹುಳುಗೇ ಇನ್ನೂ ತಿಂಡಿ ಆಗಿಲ್ಲ, ಸ್ನಾನ ಮಾಡ್ತಾ ಐತೆ."

ಸಭೆ ಗೊಳ್ಳೆಂದಿತು. ನಾನು ಯಂತ್ರದತ್ತ ಹಾರಿದೆ. ಅಷ್ಟು ಗುಂಡಿಗಳಲ್ಲಿ ನಿಲ್ಲಿಸುವ ಗುಂಡಿ ಯಾವುದೋ! ಒತ್ತಿದ್ದು ದನಿ ಜಾಸ್ತಿ ಮಾಡುವುದನ್ನು.

"ಇವತ್ತು ಕೋಲಾರದಲ್ಲಿ ಇವರದ್ದು ಕೇಳಿಸ್ತಾರಂತೆ ಕಣ್ರೋ. ನನ್ನ ಬರಬೇಡ ಅಂದ್ರು. ಅರ್ಥ ಆಗಲ್ವಂತೆ. ಇವರು ಸ್ಕೂಲ್‌ಗೆ ಹೋದಾಗ ಆ ಬಂಡೇದು ಹಾಕ್ಕೊಂಡು ಕೇಳಿದೀನಿ ನಾನು. ಬಂಡೆ ಉಸಿರಾಡ್ತದಂತೆ! ಇವರ ಉಸಿರು ನಂಗೊತ್ತಾಗಲ್ವಾ? ಇಷ್ಟು ವರ್ಷ ಪಕ್ಕದಲ್ಲೇ ಮಲಗಿದೀನಿ. ಏದುಸಿರು ಕಣ್ರೋ ಅದು. ಬಂಡೆ ಹತ್ತಿ ಉಸಿರು ಕಟ್ಟಿದೆ ಪಾಪ. ಆವತ್ತಿಂದ ಸಾರಿಗೆ ಉಪ್ಪು ಕಮ್ಮಿ ಹಾಕ್ತಿದೀನಿ. ಸಪ್ಪೆ ಅಂತ ದಿನಾ ಬೈತಾರೆ. ಬೈಲಿ ಬಿಡು."

ಈಗ ಯಾರೂ ನಗುತ್ತಿರಲಿಲ್ಲ. ಮಳೆ ಸುರಿಯುತ್ತಲೇ ಇತ್ತು. ನಾನು ಗುಂಡಿ ಹುಡುಕುವುದನ್ನು ನಿಲ್ಲಿಸಿಬಿಟ್ಟಿದ್ದೆ.

"ಡಾಕ್ಟ್ರ ಹತ್ರ ಹೋಗೋಣ ಅಂದ್ರೆ ಕೇಳಲ್ಲ. ಇದೊಂದು ಮುಗೀಲಿ, ಆಮೇಲೆ ಎಳ್ಕೊಂಡಾದ್ರೂ ಹೋಗ್ತೀನಿ. ಬೆಳಗ್ಗೆಯಿಂದ ಭಾಷಣ ಬಾಯಿಪಾಠ ಮಾಡ್ತಿದಾರೆ ಕಣ್ರೋ. ಅಲ್ಲಿ ಯಾರೂ ಇವರನ್ನ ನೋಡಿ ನಗದೇ ಇದ್ರೆ ಸಾಕು."

ರಜನಿ ಮೇಡಂ ಬಂದು ಮೆಲ್ಲಗೆ ದನಿ ಇಳಿಸಿದರು. ಅವರ ಕಣ್ಣು ಒದ್ದೆಯಾಗಿತ್ತು, ತುಟಿ ಮಾತ್ರ ನಗು ತಡೆಯಲು ಒದ್ದಾಡುತ್ತಿತ್ತು. "ಸರ್, ಹಾಗಾದ್ರೆ ಆ ಉಸಿರು..."

"ನಂದೇ ಮೇಡಂ," ಎಂದೆ.

ವೆಂಕಟ್ ಡಾಕ್ಟರು ಮುಂದಿನ ಸಾಲಿನಿಂದ ಎದ್ದರು. "ಮೇಷ್ಟ್ರೇ, ಕಲೆ ಗಿಲೆ ನನಗೆ ತಿಳಿಯೋದಿಲ್ಲ. ನಾಳೆ ಬೆಳಗ್ಗೆ ಎಂಟಕ್ಕೆ ಆ ಬಂಡೇನ ಖಾಲಿ ಹೊಟ್ಟೇಲಿ ನನ್ನ ಹತ್ರ ಕರ್ಕೊಂಡು ಬನ್ನಿ."

(ಮರುದಿನ ಹೋದೆವು. ರಕ್ತದೊತ್ತಡ ಎಂದರು. ಮಾತ್ರೆ ಬರೆದುಕೊಟ್ಟರು. ಉಪ್ಪು ಇನ್ನೂ ಕಮ್ಮಿಯಾಯಿತು.)

ಮೇಡಂ ನನ್ನನ್ನು ದಾಟಿ ನೇರ ವಾಣಿಶ್ರೀ ಹತ್ತಿರ ಹೋದರು. "ಅಮ್ಮಾ, ನಿಮ್ಮನ್ನ ಕೇಳದೇ ಕೇಳಿಸಿಬಿಟ್ವಿ. ತಪ್ಪಾಯ್ತು. ಪೂರ್ತಿ ಅಳಿಸಿಬಿಡ್ಲಾ?"

ವಾಣಿಶ್ರೀಯ ಮುಖ ಕೆಂಪಾಗಿತ್ತು. ಕೈಯಲ್ಲಿನ ಹಾಳೆಯನ್ನು ಅವಳು ಸಣ್ಣಗೆ, ಇನ್ನೂ ಸಣ್ಣಗೆ ಮಡಿಸುತ್ತಾ ಹೋದಳು.

"ಮಳೆ ಇರ್ಲಿ," ಎಂದಳು ಕೊನೆಗೆ. "ಇವರ ಉಸಿರೂ ಇರ್ಲಿ. ನನ್ನ ಮಾತು ಮಾತ್ರ ಅಳಿಸಿಬಿಡಿ."

ವಾಪಸ್ಸು ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು. ಪೇಟೆ ದಾಟಿದ ಮೇಲೆ ನಾನು ಬಾಯಿ ಬಿಟ್ಟೆ. "ತಪ್ಪಾಯ್ತು ಕಣೇ. ಬೇಡ ಅಂದದ್ದನ್ನ ಕದ್ದೆ. ನಿನ್ನ ಬರಬೇಡ ಅಂದದ್ದೂ ತಪ್ಪು."

ನಮ್ಮ ಸ್ಟಾಪಿನಲ್ಲಿ ಇಳಿಯುವಾಗ ಅವಳು ನನ್ನ ರಟ್ಟೆ ಹಿಡಿದುಕೊಂಡಳು. "ನಿಧಾನ. ಮೆಟ್ಟಿಲು ಎತ್ತರ ಐತೆ."

ಮನೆ ಸೇರಿದ್ದೇ ತಡ, ನಾನೇ ಕಾಲು ತೊಳೆದು, ನಾನೇ ಸೊಪ್ಪು ಹೊತ್ತು, ಯಾರೂ ಹೇಳದೆ ಎಲ್ಲ ತಟ್ಟೆಗೂ ಹಾಕಿದೆ. ಮಳೆ ಹಿಡಿಯಿತು. ಕಂಬಕ್ಕೊರಗಿ ಕಣ್ಣು ಮುಚ್ಚಿ, ಐದು ವಾರ ಕಲಿತ ವಿದ್ಯೆಯನ್ನೆಲ್ಲ ಕಿವಿಗೆ ತುಂಬಿಕೊಂಡು ಆಲಿಸುತ್ತಾ ನಿಂತೆ. ವಾಣಿಶ್ರೀ ಬಂದು ಪಕ್ಕದಲ್ಲಿ ನಿಂತಳು. ಕ್ಷಮೆ ಸಿಕ್ಕಿತು ಎಂದುಕೊಂಡೆ.

"ರೀ."

"ಹೇಳು ವಾಣಿ."

"ಸ್ವಲ್ಪ ಆಚೆ ಹೋಗ್ತೀರಾ?"

"ಯಾಕೆ?"

"ಇವತ್ತು ಇವುಗಳ ಹತ್ರ ಹೇಳ್ಕೊಳ್ಳೋದು ಬಹಳ ಐತೆ."

ಹೊರಗೆ ಬಂದೆ. ಬಾಗಿಲು ಹಾಕಿಕೊಂಡಿತು. ಒಳಗಿನಿಂದ ಮಳೆ, ಮಳೆಯೊಳಗೆ ಅವಳ ದನಿ. ಒಂದು ಅಕ್ಷರವೂ ತಿಳಿಯದು. ಪ್ರಾಯೋಗಿಕ ಶಬ್ದ ಕಲಾವಿದನಾದ ನಾನು ಒಂದೇ ಒಂದು ಹೆಜ್ಜೆ ಬಾಗಿಲ ಕಡೆಗೆ ಇಟ್ಟೆ.

"ಕೇಳಿಸ್ಕೋಬೇಡಿ! ಆ ಕಡೆ ಹೋಗಿ!" ಎಂದಳು ಒಳಗಿನಿಂದ.

ಹೋದೆ.